ಬೆನೆಡಿಕ್ಟಾ ವಿಲ್ಲಾದ ಪಾಸ್‌ವರ್ಡ್

ಕಟಪಾಡಿಯ ಆ ಕಾಲೇಜಿನಲ್ಲಿ ಪಾಸ್‌ವರ್ಡ್ ಮರೆತವರಿಗೆ ಒಂದೇ ಪ್ರಶ್ನೆ ಕೇಳುತ್ತಿದ್ದರು: ನಿಮ್ಮ ಮನೆಯ ಹೆಸರೇನು? ಪ್ರಶ್ನೆಯನ್ನು ಆರಿಸಿದವರು ಆಫೀಸ್ ಸೂಪರಿಂಟೆಂಡೆಂಟ್ ಸ್ಟ್ಯಾನಿಸ್ಲಾಸ್. ಸಾಕುನಾಯಿಯ ಹೆಸರು, ಮೆಚ್ಚಿನ ಬಣ್ಣ ಎಲ್ಲವೂ ಸಮಿತಿಯಲ್ಲಿ ಚರ್ಚೆಗೆ ಬಂದಿದ್ದವು. ನಾಯಿ ಸಾಯುತ್ತದೆ, ಬಣ್ಣದ ಮೇಲಿನ ಪ್ರೀತಿ ಬದಲಾಗುತ್ತದೆ, ಮನೆಯ ಹೆಸರನ್ನು ಮಾತ್ರ ಈ ಜಿಲ್ಲೆಯಲ್ಲಿ ಯಾರೂ ಮರೆಯುವುದಿಲ್ಲ ಎಂದು ವಾದಿಸಿ ಅವರು ಗೆದ್ದಿದ್ದರು.

ಕಾರ್ಕಳದಿಂದ ಬಂದು ತಂತ್ರಜ್ಞಾನ ಸೇವಾ ವಿಭಾಗದ ಹೊಣೆ ಹೊತ್ತ ಫರ್ಝಾನಾ ಆ ವಾದವನ್ನು ಪೂರ್ತಿ ಒಪ್ಪಿದಳು.

"ಯಾರೂ ಮರೆಯುವುದಿಲ್ಲ ಸರ್. ಬೇರೆಯವರ ಮನೆ ಹೆಸರನ್ನೂ ಮರೆಯುವುದಿಲ್ಲ. ತೊಂದರೆ ಇರುವುದೇ ಅಲ್ಲಿ."

ಇದರಲ್ಲಿ ಉತ್ಪ್ರೇಕ್ಷೆ ಇರಲಿಲ್ಲ. ಉಡುಪಿಯಲ್ಲಿ ಬಸ್ಸು ಹತ್ತಿದವರ ಮನೆ, ತಾಯಿಯ ತವರು, ಯಾವ ಮಾವ ದೋಹಾದಲ್ಲಿದ್ದಾರೆ ಎಂಬುದು ಕಾಪು ತಲುಪುವುದರೊಳಗೆ ಪಕ್ಕದ ಸೀಟಿಗೆ ತಿಳಿದಿರುತ್ತದೆ. ಮನೆಯ ಹೆಸರು ಗೇಟಿನ ಕಂಬದ ಗ್ರಾನೈಟಿನಲ್ಲಿ ಕೆತ್ತಿರುತ್ತದೆ, ಮದುವೆ ಕಾಗದದಲ್ಲಿ ಅಚ್ಚಾಗಿರುತ್ತದೆ, ಗಲ್ಫಿನಿಂದ ಬಂದ ಪೆಟ್ಟಿಗೆಯ ಮೇಲೆ ಮಾರ್ಕರಿನಲ್ಲಿ ಬರೆದಿರುತ್ತದೆ. ಅದನ್ನು ಗುಟ್ಟು ಎಂದು ಭಾವಿಸುವುದಕ್ಕೆ ಒಂದು ಸಮಿತಿಯೇ ಬೇಕು.

ಫರ್ಝಾನಾ ಪ್ರಶ್ನೆಯನ್ನು ತೆಗೆದುಹಾಕಿ ಎಲ್ಲರಿಗೂ ಸೂಚನೆ ಕಳುಹಿಸಿದಳು. ಇನ್ನು ಮುಂದೆ ಫೋನಿನಲ್ಲಿ ಯಾರ ಪಾಸ್‌ವರ್ಡನ್ನೂ ಬದಲಿಸುವುದಿಲ್ಲ. ಗುರುತುಚೀಟಿ ಹಿಡಿದು ಸೇವಾ ವಿಭಾಗದವರ ಎದುರು ಖುದ್ದಾಗಿ ಹಾಜರಾಗಬೇಕು. ಸಿಬ್ಬಂದಿಯ ವಾಟ್ಸಾಪ್ ಗುಂಪಿನಲ್ಲಿ ಕೈಮುಗಿದ ಚಿತ್ರಗಳು ಸಾಲಾಗಿ ಬಂದವು. ಕೈ ಮುಗಿಯಲು ಓದಬೇಕೆಂದೇನೂ ಇಲ್ಲ.

ಮರುವಾರವೇ ಸ್ಟ್ಯಾನಿಸ್ಲಾಸರಿಗೆ ಒಂದು ಫೋನು ಬಂತು. ತಾನು ಬಿಎಸ್ಸಿ ಕೊನೆಯ ವರ್ಷದ ರೇಚಲ್ ಅರಾನ್ಹಾಳ ಅಣ್ಣ, ಕುವೈತಿನಿಂದ ಮಾತಾಡುತ್ತಿದ್ದೇನೆ, ತಂಗಿ ಪಾಸ್‌ವರ್ಡ್ ಮರೆತು ಅಳುತ್ತಿದ್ದಾಳೆ ಎಂದಿತು ಧ್ವನಿ. ಯಾವ ಮನೆ ಎಂದು ಕೇಳಿದರು. ಶಿರ್ವದ ಬೆನೆಡಿಕ್ಟಾ ವಿಲ್ಲಾ ಎಂದ. ತಂದೆಯ ಮೊಣಕಾಲು ಹೇಗುಂಟು ಎಂದು ಸ್ವಂತ ಆಸಕ್ತಿಯಿಂದ ಕೇಳಿದರು. ಈಗ ಪರವಾಗಿಲ್ಲ ಎಂದ. ಇದಕ್ಕಿಂತ ಹೆಚ್ಚಿನ ಪುರಾವೆ ಸ್ಟ್ಯಾನಿಸ್ಲಾಸರಿಗೆ ಹೊಳೆಯಲಿಲ್ಲ. ಪಾಸ್‌ವರ್ಡ್ ಬದಲಿಸುವ ಹಳೆಯ ಅಧಿಕಾರ ಅವರ ಕಂಪ್ಯೂಟರಿನಲ್ಲಿ ಇನ್ನೂ ಉಳಿದಿತ್ತು. ಹೊಸ ಪಾಸ್‌ವರ್ಡ್ ಕೊಟ್ಟುಬಿಟ್ಟರು. ಊಟದ ಬೆಲ್ಲಿಗೆ ಮೊದಲು ರೇಚಲ್‌ಳ ಖಾತೆಯಿಂದ ಇಡೀ ಕಾಲೇಜಿಗೆ 'ವಿದ್ಯಾರ್ಥಿವೇತನ ಪಡೆಯಲು ಇಲ್ಲಿ ಒತ್ತಿ' ಎಂಬ ಮೇಲ್ ಹೋಯಿತು. ಫರ್ಝಾನಾ ಖಾತೆಗೆ ಬೀಗ ಹಾಕಿ, ಹಳೆಯ ಅಧಿಕಾರವನ್ನೂ ಕಿತ್ತುಹಾಕಿ, ಆಫೀಸಿಗೆ ಬಂದಳು.

"ನನ್ನ ಸೂಚನೆ ಓದಿರಲಿಲ್ವಾ ಸರ್?"

"ಓದಿದ್ದೆ. ಅದು ಹೊರಗಿನವರಿಗಲ್ವಾ? ಇವನು ಶಿರ್ವದವನು ಮಾರಾಯ್ತಿ."

"ಶಿರ್ವದವನು ಅಂತ ಯಾರು ಹೇಳಿದ್ದು?"

"ಅವನೇ."

ತಾವು ಆಡಿದ ಮಾತು ಸ್ಟ್ಯಾನಿಸ್ಲಾಸರಿಗೇ ಕೇಳಿಸಿತು. ಅವರು ಕನ್ನಡಕ ತೆಗೆದು ಒರೆಸತೊಡಗಿದರು.

ಅವರು ಒರೆಸಿ ಮುಗಿಸುವಷ್ಟರಲ್ಲಿ ಫರ್ಝಾನಾಳ ಫೋನು ಬಡಿದುಕೊಂಡಿತು. ಈ ಸಲ ಹುಡುಗಿಯ ಧ್ವನಿ. ಗಿಡಗಳ ಸಮೀಕ್ಷೆಗೆಂದು ತರಗತಿಯ ಜೊತೆ ಹೆಬ್ರಿಗೆ ಹೋಗಿದ್ದ ರೇಚಲ್ ಸಿಗ್ನಲ್ ಹುಡುಕಿ ಅಲ್ಲಿನ ಶಾಲೆಯ ನೀರಿನ ಟ್ಯಾಂಕಿ ಹತ್ತಿ ನಿಂತಿದ್ದಳು.

"ಮ್ಯಾಮ್, ನನ್ನ ಮೇಲ್ ಓಪನ್ ಆಗ್ತಾ ಇಲ್ಲ. ಮಣಿಪಾಲದಲ್ಲಿ ಎಮ್ಮೆಸ್ಸಿ ಸೀಟು ಸಿಕ್ಕಿದೆ. ಒಪ್ಪಿಗೆ ಅಂತ ಕಾಲೇಜಿನ ಮೇಲ್‌ನಿಂದ ಇವತ್ತು ನಾಲ್ಕು ಗಂಟೆಯ ಒಳಗೆ ಉತ್ತರ ಕಳಿಸ್ಬೇಕು. ಇಲ್ಲದಿದ್ರೆ ಸೀಟು ವೇಟಿಂಗ್ ಲಿಸ್ಟಿನವರಿಗೆ ಹೋಗ್ತದೆ."

ಸ್ಟ್ಯಾನಿಸ್ಲಾಸ್ ಸ್ಪೀಕರಿಗೆ ಕಿವಿ ಕೊಟ್ಟರು. "ಇವಳೇ. ಕೊಡು ಮಾರಾಯ್ತಿ. ಇದು ಅವಳದ್ದೇ ಸ್ವರ, ಸ್ಪಷ್ಟ ಉಂಟು."

"ಅಣ್ಣನ ಸ್ವರವೂ ಸ್ಪಷ್ಟ ಇತ್ತಲ್ಲ ಸರ್."

"ಪಾಪದ ಹುಡುಗಿಯ ಸೀಟು ಹೋಗ್ತದೆ. ನಿನ್ನ ನಿಯಮ ಮಾತ್ರ ಉಳೀತದೆ."

"ಎರಡೂ ಉಳೀಬೇಕು," ಎಂದಳು ಫರ್ಝಾನಾ. ಫೋನಿಗೆ ಹೇಳಿದಳು: "ರೇಚಲ್, ಗುರುತುಚೀಟಿ ಕೈಯಲ್ಲಿ ಉಂಟಾ? ಸರಿ. ಟ್ಯಾಂಕಿ ಇಳಿದು ಸಿಕ್ಕಿದ ಬಸ್ಸು ಹತ್ತು. ಕಟಪಾಡಿಗೆ ಬರುವುದು ಬೇಡ, ಹೊತ್ತಾಗ್ತದೆ. ಮಣಿಪಾಲದ ಟೈಗರ್ ಸರ್ಕಲ್‌ನಲ್ಲಿ ಇಳಿ. ಅಲ್ಲಿ ಇರ್ತೇನೆ."

"ಖುದ್ದಾಗಿ ಹಾಜರಾಗಬೇಕು ಅಂತ ನೀನೇ ಬರ್ದದ್ದಲ್ವಾ?" ಎಂದರು ಸ್ಟ್ಯಾನಿಸ್ಲಾಸ್.

"ನನ್ನ ಎದುರು ಹಾಜರಾಗಬೇಕು ಅಂತ ಬರ್ದದ್ದು. ನಾನು ಎಲ್ಲಿರಬೇಕು ಅಂತ ಬರ್ದಿಲ್ಲ." ಲ್ಯಾಪ್‌ಟಾಪ್ ಚೀಲಕ್ಕೆ ತುಂಬುತ್ತ ಕೇಳಿದಳು: "ನಿಮ್ಮ ಆಲ್ಟೋದಲ್ಲಿ ಪೆಟ್ರೋಲ್ ಉಂಟಾ?"

ಉಂಟು ಎನ್ನುವುದನ್ನು ಬಿಟ್ಟು ಸ್ಟ್ಯಾನಿಸ್ಲಾಸರಿಗೆ ಆ ದಿನ ಹೇಳಲು ಹೆಚ್ಚೇನೂ ಉಳಿದಿರಲಿಲ್ಲ. ಆದರೂ ಹೇಳಿದರು. ಹೆದ್ದಾರಿಯಲ್ಲಿ ಉಡುಪಿಯವರೆಗೂ, ಅಲ್ಲಿಂದ ಗುಡ್ಡ ಹತ್ತುವಾಗಲೂ, ಒಬ್ಬರನ್ನೊಬ್ಬರು ನಂಬದ ಲೋಕ ಹೇಗೆ ನಡೆದೀತು ಎಂದು ವಿವರಿಸಿದರು. ಲೋಕ ಹೇಗೋ ನಡೆಯುತ್ತಿತ್ತು. ಕಾರು ಎರಡನೇ ಗೇರಿನಲ್ಲಿತ್ತು.

"ಸರ್, ಮೂರನೇ ಗೇರಿಗೆ ಹಾಕಿದ್ರೂ ನಂಬಿಕೆಗೆ ಎಂತ ಆಗುದಿಲ್ಲ," ಎಂದಳು ಫರ್ಝಾನಾ.

ಟೈಗರ್ ಸರ್ಕಲ್ಲಿನ ಬಸ್ ತಂಗುದಾಣದ ಬೆಂಚಿನಲ್ಲಿ ರೇಚಲ್ ಆಗಲೇ ಕುಳಿತಿದ್ದಳು. ಚಪ್ಪಲಿಗೆ ಹೆಬ್ರಿಯ ಕೆಸರು ಅಂಟಿತ್ತು. ಪಕ್ಕದಲ್ಲಿ ಮಾತ್ರೆಯ ಚೀಲ ಹಿಡಿದ ಹೆಂಗಸೊಬ್ಬರು ಬಸ್ಸಿಗೆ ಕಾಯುತ್ತಿದ್ದರು.

"ಎಮ್ಮೆಸ್ಸಿ ವಿಭಾಗದ ಆಫೀಸು ಇಲ್ಲೇ ಉಂಟು ಮ್ಯಾಮ್. ಹೋಗಿ ಕೇಳಿದೆ. ನಾನೇ ಬಂದಿದ್ದೇನೆ, ಒಪ್ಪಿಗೆ ಅಂತ ಬರ್ಕೊಳ್ಳಿ ಅಂದೆ. ಆಗುವುದಿಲ್ಲ, ಮೇಲ್‌ನಲ್ಲೇ ಬರ್ಬೇಕು ಅಂದ್ರು."

"ನೋಡು," ಎಂದರು ಸ್ಟ್ಯಾನಿಸ್ಲಾಸ್. "ಇಲ್ಲಿ ಮನುಷ್ಯ ಬಂದ್ರೆ ಮೇಲ್ ಕೇಳ್ತಾರೆ. ನಮ್ಮಲ್ಲಿ ಮೇಲ್ ಬೇಕು ಅಂದ್ರೆ ಮನುಷ್ಯನನ್ನು ಕೇಳ್ತೇವೆ."

"ಅವರು ಮಾಡಿದ್ದು ಸರಿ ಸರ್," ಎಂದು ಫರ್ಝಾನಾ ಲ್ಯಾಪ್‌ಟಾಪ್ ತೆರೆದಳು.

ಅದು ಎಚ್ಚರಗೊಳ್ಳುವ ತನಕ ಸುಮ್ಮನಿರುವುದು ಸ್ಟ್ಯಾನಿಸ್ಲಾಸರಿಂದ ಆಗಲಿಲ್ಲ. ತಮ್ಮ ವಿಧಾನ ಅಷ್ಟೇನೂ ಕೆಟ್ಟದ್ದಲ್ಲ ಎಂದು ತೋರಿಸುವ ಆಸೆಯೂ ಇತ್ತು. ಗಂಟಲು ಸರಿಪಡಿಸಿಕೊಂಡು ರೇಚಲ್‌ಳನ್ನು ಕೇಳಿದರು: "ಹೇಳು ಮಗಾ. ನಿಮ್ಮ ಮನೆಯ ಹೆಸರು?"

ರೇಚಲ್ ಬಾಯಿ ತೆರೆಯುವ ಮೊದಲೇ ಮಾತ್ರೆಯ ಚೀಲದ ಹೆಂಗಸು ಉತ್ತರಿಸಿದರು.

"ಬೆನೆಡಿಕ್ಟಾ ವಿಲ್ಲಾ. ಶಿರ್ವದಲ್ಲಿ. ಇವಳ ಅಜ್ಜಿಯ ಹೆಸರು ಅದು. ತಾಯಿಯ ಮನೆ ಮೂಡುಬೆಳ್ಳೆ. ಅಣ್ಣನ ಮದುವೆ ಕಳೆದ ಜನವರಿಯಲ್ಲಿ ಆಯ್ತು, ಈಗ ಕುವೈತ್‌ನಲ್ಲಿದ್ದಾನೆ."

"ನಿಮಗೆ ಇವಳ ಪರಿಚಯ ಉಂಟಾ?" ಎಂದರು ಸ್ಟ್ಯಾನಿಸ್ಲಾಸ್.

"ಈಗ ಆದದ್ದು. ಪರ್ಕಳದಿಂದ ಒಟ್ಟಿಗೆ ಬಂದೆವಲ್ಲ." ಹೆಂಗಸು ಅವರನ್ನು ಮೇಲಿಂದ ಕೆಳಗೆ ನೋಡಿದರು. "ನಿಮ್ಮದು ಯಾವ ಮನೆ ಆಯ್ತು?"

ಪರ್ಕಳದಿಂದ ಟೈಗರ್ ಸರ್ಕಲ್ಲಿಗೆ ಎಷ್ಟು ಕಡಿಮೆ ದೂರವೆಂದು ಸ್ಟ್ಯಾನಿಸ್ಲಾಸರಿಗೆ ಗೊತ್ತಿತ್ತು. ಒಂದು ಮನೆತನ ಪೂರ್ತಿ ಕೈದಾಟಲು ಅಷ್ಟು ದಾರಿ ಸಾಕಾಗಿತ್ತು. ಅವರು ಬಾಯಿ ತೆರೆದರು, ಫರ್ಝಾನಾಳ ಕಡೆ ನೋಡಿದರು, ನಂತರ ಜೀವಮಾನದಲ್ಲಿ ಮೊದಲ ಬಾರಿ ಆ ಪ್ರಶ್ನೆಗೆ ಉತ್ತರ ಕೊಡದೆ ಕುಳಿತರು. ಹೆಂಗಸಿಗೆ ಇದು ಸೊಕ್ಕಾಗಿ ಕಂಡಿರಬೇಕು. ಮುಖ ತಿರುಗಿಸಿ ಬಂದ ಬಸ್ಸು ಹತ್ತಿದರು.

ಫರ್ಝಾನಾ ನಗಲಿಲ್ಲ. ಗುರುತುಚೀಟಿಯ ಫೋಟೋವನ್ನೂ ಕಾಲೇಜಿನ ದಾಖಲೆಯ ಫೋಟೋವನ್ನೂ ಎದುರಿನ ಮುಖವನ್ನೂ ಒಂದೊಂದಾಗಿ ಹೋಲಿಸಿದಳು. ರೇಚಲ್‌ಳ ಫೋನಿಗೆ ಕೋಡ್ ಕಳುಹಿಸಿ, ಅದನ್ನು ಅವಳ ಕೈಯಿಂದಲೇ ಹಾಕಿಸಿದಳು. ಹೊಸ ಪಾಸ್‌ವರ್ಡ್ ಒತ್ತುವಾಗ ತಾನೂ ಮುಖ ತಿರುಗಿಸಿ, ಸ್ಟ್ಯಾನಿಸ್ಲಾಸರಿಗೂ ಕಣ್ಸನ್ನೆ ಮಾಡಿದಳು. ಅವರು ವಿಧೇಯರಾಗಿ ರಸ್ತೆಯಾಚೆಯ ಜ್ಯೂಸ್ ಅಂಗಡಿಯ ಬೋರ್ಡು ಓದತೊಡಗಿದರು.

ಖಾತೆ ತೆರೆಯಿತು. ಮಣಿಪಾಲದ ಮೇಲ್ ಹಾಗೇ ಇತ್ತು. ನಾಲ್ಕು ಗಂಟೆಗೆ ಇನ್ನೂ ಸ್ವಲ್ಪ ಹೊತ್ತಿತ್ತು, ಆದರೆ ರೇಚಲ್‌ಳ ಬೆರಳು ಕೀಲಿಗಳ ಮೇಲೆ ನಿಂತುಬಿಟ್ಟಿತು.

"ಎಂತ ಬರೀಲಿ ಮ್ಯಾಮ್? ಮಾನ್ಯರೇ ಅಂತ ಶುರು ಮಾಡ್ಬೇಕಾ?"

"ಒಪ್ಪಿಗೆ ಉಂಟಾ ನಿಂಗೆ?"

"ಉಂಟು."

"ಹಾಗಾದ್ರೆ ಅದನ್ನೇ ಬರೀ."

ರೇಚಲ್ ಒಂದು ಸಾಲು ಬರೆದು ಒತ್ತಿದಳು. ಮೂವರೂ ಪರದೆಯನ್ನು ನೋಡುತ್ತ ಕುಳಿತರು. ಉಡುಪಿಯ ಕಡೆಗೆ ಒಂದು ಬಸ್ಸು ಹೋಯಿತು, ಇನ್ನೊಂದು ಬಂತು. ಆಮೇಲೆ ಉತ್ತರ ಬಿತ್ತು: ಸೀಟು ದೃಢಪಟ್ಟಿದೆ, ಮೂಲ ದಾಖಲೆಗಳೊಂದಿಗೆ ಸೋಮವಾರ ಬನ್ನಿ.

ರೇಚಲ್ ಅದನ್ನು ಎರಡು ಸಲ ಓದಿದಳು. ಕಣ್ಣು ತುಂಬಿತು. ಫೋನು ಹಿಡಿದು ಎದ್ದಳು. "ಮಮ್ಮಿಗೆ ಹೇಳ್ಬೇಕು."

"ಕೂತ್ಕೋ," ಎಂದಳು ಫರ್ಝಾನಾ, ಲ್ಯಾಪ್‌ಟಾಪನ್ನು ಅವಳ ಕಡೆ ತಿರುಗಿಸುತ್ತ. "ಮೊದಲು ಲಾಗ್‌ಔಟ್ ಮಾಡು."