ಕಣ್ಣೊರೆಸಬಾರದ ಕೋಣೆ

ಅವಳು ಬ್ಯೂಟಿ ಪಾರ್ಲರ್ ನಡೆಸುವವಳು. ಒಬ್ಬರ ಕೂದಲು ಕತ್ತರಿಸಿ ಮುಗಿಸುವಷ್ಟರಲ್ಲಿ ಮೂರು ಮನೆಯ ಸುದ್ದಿ ಮುಗಿದಿರುತ್ತಿತ್ತು. ಶನಿವಾರ ಸಂಜೆ ಲೈಬ್ರರಿಯ ಮಹಡಿಯಲ್ಲಿ ಸೇರುವ ಗುಂಪಿಗೆ ಸಹಾಯಕ್ಕೆ ಹೋದ ಮೊದಲ ವಾರವೇ ಮಕ್ಕಳು ಅವಳಿಗೆ ರೇಡಿಯೋ ಆಂಟಿ ಎಂದು ಹೆಸರಿಟ್ಟರು. ಮನೆಯಲ್ಲಿ ಯಾರಾದರೂ ತೀರಿಕೊಂಡ ಮಕ್ಕಳು ಅವರು, ಒಂಬತ್ತು ಜನ. ಸುತ್ತಲೂ ಕುರ್ಚಿ, ನಡುವೆ ನೆಲದ ಮೇಲೆ ಒಂದು ಟಿಶ್ಯೂ ಡಬ್ಬಿ.

ಗುಂಪು ನಡೆಸುತ್ತಿದ್ದ ನಿವೃತ್ತ ನರ್ಸಮ್ಮ ಸಹಾಯಕ್ಕೆ ಬಂದವರಿಗೆ ಮೊದಲೇ ಹೇಳಿದ್ದರು: ಮಾತಾಡು ಎಂದು ಪೀಡಿಸಬಾರದು, ಕೇಳಿದ್ದನ್ನು ಹೊರಗೆ ಆಡಬಾರದು, ಅಳುವ ಮಗುವಿಗೆ ಟಿಶ್ಯೂ ಎತ್ತಿ ಕೊಡಬಾರದು. “ನಾವಾಗಿ ಕೊಟ್ರೆ, ಸಾಕು ನಿಲ್ಸು ಅಂದ ಹಾಗೆ. ಬೇಕಿದ್ರೆ ಅವರೇ ತಗೋತಾರೆ.”

ಹದಿನೈದರ ಒಬ್ಬಳು ಆರು ವಾರ ತುಟಿ ಬಿಚ್ಚಿರಲಿಲ್ಲ. ಅವಳ ಅಕ್ಕ ಸ್ಕೂಟರ್ ಅಪಘಾತದಲ್ಲಿ ಹೋಗಿದ್ದಳು. “ಇನ್ನೆರಡು ವಾರ ನೋಡ್ತೀನಿ, ಆಮೇಲೆ ಬಿಡಿಸ್ತೀನಿ,” ಎಂದು ತಾಯಿ ಖಂಡತುಂಡವಾಗಿ ಹೇಳಿದ್ದರು.

ಏಳನೆಯ ವಾರ ಹುಡುಗಿ ತಾನಾಗಿಯೇ ಬಾಯಿ ತೆರೆದಳು. “ಅವತ್ತು ಬೆಳಿಗ್ಗೆ ನನ್ ಟಾಪ್ ಹಾಕ್ಕೊಂಡಿದ್ಲು. ನಾನು ಜಗಳ ಆಡ್ದೆ. ಅವಳು ಹೊರಡುವಾಗ ನಾನು…” ಅಷ್ಟರಲ್ಲಿ ಅಳು ಉಕ್ಕಿತು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರಲ್ಲ, ರೇಡಿಯೋ ಕುರ್ಚಿಯಿಂದ ಹಾರಿ ನಾಲ್ಕು ಟಿಶ್ಯೂ ಎಳೆದು ಕೈಗೆ ತುರುಕಿದಳು. “ಅಳಬಾರದು ಪುಟ್ಟಾ, ಎಲ್ಲಾ ಸರಿಹೋಗುತ್ತೆ.”

ಹುಡುಗಿ ಕಣ್ಣೊರೆಸಿಕೊಂಡಳು. “ಅಷ್ಟೇ,” ಎಂದಳು. ಒದ್ದೆ ಟಿಶ್ಯೂಗಳನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡಳು.

ನರ್ಸಮ್ಮ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ರೇಡಿಯೋಗೆ ವಾರವಿಡೀ ಪಾರ್ಲರಿನಲ್ಲೂ ಅದೇ ನೆನಪು. ಹನ್ನೊಂದನೆಯ ವಯಸ್ಸಿನಲ್ಲಿ ತಾಯಿ ಸತ್ತಾಗ ತನಗೂ ಎಲ್ಲರೂ ಅಳಬಾರದು ಎಂದೇ ಹೇಳಿದ್ದರು. ಅಂದು ಮಾತು ಶುರುಮಾಡಿದವಳು ಇವತ್ತಿಗೂ ನಿಲ್ಲಿಸಿಲ್ಲ.

ಎಂಟನೆಯ ವಾರ ಎಲ್ಲರೂ ಕೂತೊಡನೆ ಅವಳೇ ಶುರುಮಾಡಿದಳು. “ಹೋದ ವಾರ ನಿನ್ ಮಾತು ನಾನು ಹಾಳ್ ಮಾಡ್ದೆ. ನೀನು ಅತ್ತಿದ್ದಕ್ಕೆ ಭಯ ಆಗಿದ್ದು ನನಗೆ, ನಿನಗಲ್ಲ. ತಪ್ಪಾಯ್ತು.”

ದೊಡ್ಡವರು ತಪ್ಪಾಯ್ತು ಎನ್ನುವುದನ್ನು ಮಕ್ಕಳು ಬಹುಶಃ ಕೇಳಿರಲಿಲ್ಲ; ಎಲ್ಲರೂ ಅವಳನ್ನೇ ನೋಡಿದರು. ಹುಡುಗಿ ಹೇಳಿದಳು: “ಅಕ್ಕ ಹೊರಡುವಾಗ ಹಾಳಾಗ್ ಹೋಗು, ಮತ್ತೆ ಬರ್ಬೇಡ ಅಂದೆ. ಅವಳು ಬರ್ಲೇ ಇಲ್ಲ.”

ಅವಳು ಅತ್ತಳು. ಮೂಗು ಸೋರಿತು, ಗಲ್ಲ ಒದ್ದೆಯಾಯಿತು. ರೇಡಿಯೋ ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಳು. ಹತ್ತು ನಿಮಿಷ. ಜನ್ಮದಲ್ಲಿ ಅಷ್ಟು ಕಷ್ಟದ ಕೆಲಸ ಮಾಡಿರಲಿಲ್ಲ.

ಮುಗಿದ ಮೇಲೆ ಹುಡುಗಿಯ ತಾಯಿ ರೇಡಿಯೋ ಆಂಟಿಯನ್ನು ಬಾಗಿಲಲ್ಲೇ ತಡೆದರು. ಮಗಳು ಕೆಳಗೆ ಮೆಟ್ಟಿಲ ಮೇಲೆ ಕೂತಿದ್ದಳು.

“ಇವತ್ತಾದ್ರೂ ಮಾತಾಡಿದ್ಲಾ? ಏನಂದ್ಲು?”

“ಅದನ್ನ ಅವಳನ್ನೇ ಕೇಳಿ ಅಕ್ಕಾ.”

“ಕೇಳಿದ್ರೆ ಅಳ್ತಾಳೆ. ನಂಗದು ನೋಡಕ್ಕಾಗಲ್ಲ, ಎದ್ದು ಒಳಗೆ ಹೋಗ್ಬಿಡ್ತೀನಿ.”

“ಅಳ್ಲಿ ಬಿಡಿ. ನೀವು ಎದ್ದು ಹೋಗ್ಬೇಡಿ.”

ತಾಯಿ ಕೆಳಗಿಳಿದು ಹೋಗಿ ಮಗಳ ಪಕ್ಕ ಕೂತರು.