ಹದಿನೆಂಟು ಮನೆಯ ಟ್ರೇ

ಮೂರನೆಯ ಗೆರೆ ಎಳೆಯುವಾಗ ಚಾಕು ಓರೆಯಾಯಿತು. ಸುಬ್ಬಲಕ್ಷ್ಮಿ ಬಲಗೈಯ ಮಣಿಕಟ್ಟನ್ನು ಎಡಗೈಯಿಂದ ಒತ್ತಿ ಹಿಡಿದು ಮತ್ತೊಮ್ಮೆ ಎಳೆದಳು. ಬ್ರೌನಿಯ ಒಂದು ಮೂಲೆ ಮುರಿದು ಪುಡಿಯಾಗಿ ಅಡುಗೆ ಕಟ್ಟೆಯ ಮೇಲೆ ಉದುರಿತು.

"ಅತ್ತೆ, ಬಿಡಿ. ನಾ ಕೊಯ್ದು ಕೊಡ್ತೆ." ಪಾಠ ಹೇಳಲು ಶಾಲೆಗೆ ಹೊರಟಿದ್ದ ಸೊಸೆ ಶ್ರೀಗೌರಿ ಬ್ಯಾಗನ್ನು ಕುರ್ಚಿಯ ಮೇಲಿಟ್ಟು ಒಳಗೆ ಬಂದಳು. ಚಾಕುವನ್ನು ಅತ್ತೆಯ ಬೆರಳುಗಳಿಂದ ಎಷ್ಟು ಮೆತ್ತಗೆ ಬಿಡಿಸಿಕೊಂಡಳೆಂದರೆ ಬೇಡ ಅನ್ನಲು ಸುಬ್ಬಲಕ್ಷ್ಮಿಗೆ ಪುರಸೊತ್ತೇ ಸಿಗಲಿಲ್ಲ. ಎರಡು ನಿಮಿಷದಲ್ಲಿ ತುಂಡುಗಳೆಲ್ಲ ಆದವು. ಮೊದಲಿನ ಎರಡು ಸಾಲು ಮಾತ್ರ ಸೊಟ್ಟಗಿದ್ದವು. ಅವು ಸುಬ್ಬಲಕ್ಷ್ಮಿ ಕೊಯ್ದವು.

ಆರು ತಿಂಗಳ ಹಿಂದೆ ಮಂಗಳೂರಿನ ಡಾಕ್ಟರು ಅವಳ ಕೈಗೆ ಪೆನ್ನು ಕೊಟ್ಟು ಕಾಗದದ ಮೇಲೆ ಸುರುಳಿ ಬರೆಸಿದ್ದರು. ಇದು ಬರೀ ಕೈನಡುಕ, ಜೀವಕ್ಕೆ ಅಪಾಯವಿಲ್ಲ, ಪೂರ್ತಿ ಹೋಗುವುದೂ ಇಲ್ಲ ಎಂದು ಹೇಳಿ ಮಾತ್ರೆ ಬರೆದುಕೊಟ್ಟಿದ್ದರು. ಆವತ್ತಿನಿಂದ ಅಡುಗೆಮನೆಯಲ್ಲಿ ಒಂದೊಂದೇ ಕೆಲಸ ಅವಳ ಕೈಬಿಟ್ಟು ಹೋಯಿತು. ಈಳಿಗೆಮಣೆ ಅಟ್ಟ ಸೇರಿತು. ತುರಿದ ಕಾಯಿ ಪೊಟ್ಟಣದಲ್ಲಿ ಬರತೊಡಗಿತು. ಒಗ್ಗರಣೆಗೆ ಎಣ್ಣೆ ಕಾಯಿಸಿದರೆ ಯಾರಾದರೂ ಬಂದು ಪಕ್ಕದಲ್ಲಿ ನಿಲ್ಲುತ್ತಿದ್ದರು. ಯಾರೂ ಗದರಲಿಲ್ಲ, ಎಲ್ಲರೂ ಒಳ್ಳೆಯವರೇ. ಕೆಟ್ಟವರಾಗಿದ್ದರೆ ಜಗಳವಾಡಿಯಾದರೂ ಉಳಿಸಿಕೊಳ್ಳಬಹುದಿತ್ತು ಎಂದು ಅವಳಿಗೆ ಅನಿಸುತ್ತಿತ್ತು.

ಉಳಿದದ್ದು ಈ ಬ್ರೌನಿ ಒಂದೇ. ನಾಲ್ಕು ವರ್ಷದ ಹಿಂದೆ, ತನ್ನ ಐವತ್ತೇಳನೆಯ ವಯಸ್ಸಿನಲ್ಲಿ, ಫೋನಿನಲ್ಲಿ ನೋಡಿ ಕಲಿತಿದ್ದಳು. ಮೊಟ್ಟೆಯ ಬದಲು ಮೊಸರು ಹಾಕಿ, ಮೇಲೆ ಗೇರುಬೀಜದ ಚೂರು ಉದುರಿಸಿ, ಬುಧವಾರ ಮತ್ತು ಶನಿವಾರ ಕುಮಟಾ ಬಸ್‌ಸ್ಟ್ಯಾಂಡಿನ ಎದುರಿನ ಕವಿತಾಳ ಚಹಾದಂಗಡಿಗೆ ಕೊಡುತ್ತಿದ್ದಳು. ಕಾಲೇಜಿನ ಹುಡುಗಿಯರು ಬಂದು "ಅಮ್ಮನ ಬ್ರೌನಿ ಇದ್ಯಾ?" ಎಂದು ಕೇಳುತ್ತಾರೆಂದು ಕವಿತಾ ಹೇಳಿದಾಗ ಅವಳಿಗೆ ಮನೆಯವರೆಗೂ ನಗು ತಡೆದಿರಲಿಲ್ಲ.

ಆದರೆ ಹೋದ ಶನಿವಾರ ಕವಿತಾ ಡಬ್ಬಿಯ ಮುಚ್ಚಳ ತೆಗೆದು ಎರಡು ತುಂಡುಗಳನ್ನು ಪಕ್ಕಪಕ್ಕದಲ್ಲಿಟ್ಟಳು. "ಅಮ್ಮ, ಬೇಜಾರ ಮಾಡ್ಕಳ್ಬೇಡಿ. ಒಂದು ತುಂಡು ದೊಡ್ಡದು, ಒಂದು ಸಣ್ಣದು. ಸಣ್ಣದು ಸಿಕ್ಕಿದವ್ರು ನನ್ ಹತ್ರ ಜಗಳಕ್ಕೆ ಬರ್ತ್ರು. ನಿಮ್ಗೆ ಕಷ್ಟ ಆದ್ರೆ ಹೇಳಿ, ಅಡ್ಡಿಲ್ಲ. ನಾ ಬೇರೆ ಕಡೆಯಿಂದ ತರ್ಸ್ತೆ."

ಸೊಸೆ ಕೊಯ್ದರೆ ತುಂಡು ಸಮನಾಗುತ್ತದೆ, ನಿಜ. ಆದರೆ ಇವತ್ತು ಚಾಕು ಕೊಟ್ಟರೆ ನಾಳೆ ಹಿಟ್ಟು ಕಲಸುವ ಪಾತ್ರೆ, ನಾಡಿದ್ದು ಓವನ್ನಿನ ಸ್ವಿಚ್ಚು. ಹೇಗೆ ಹೋಗುತ್ತದೆಂದು ಸುಬ್ಬಲಕ್ಷ್ಮಿ ಆರು ತಿಂಗಳಿಂದ ನೋಡುತ್ತಿದ್ದಳು.

ಆ ಟ್ರೇಯನ್ನು ಅವಳು ಕಂಡದ್ದು ಫೋನಿನಲ್ಲೇ. ಒಳಗೆ ಅಡ್ಡ, ಉದ್ದ ತಗಡಿನ ಗೋಡೆಗಳು, ಒಂದೊಂದು ತುಂಡಿಗೆ ಒಂದೊಂದು ಮನೆ. ಬೇಯಿಸಿ ತೆಗೆದರೆ ಆಯಿತು, ಕೊಯ್ಯುವ ಕೆಲಸವೇ ಇಲ್ಲ. ಸಂಜೆ ಗಂಡನಿಗೆ ತೋರಿಸಿದಳು. ಮಹಾಬಲ ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಗಣಿತ ಕಲಿಸಿ ನಿವೃತ್ತನಾದವನು. ಕನ್ನಡಕ ಹಾಕಿಕೊಂಡು ಮೊದಲಿನಿಂದ ಕೊನೆಯವರೆಗೆ ಓದಿದ.

"ಸಾವಿರದ ಎಂಟ್ನೂರು. ಒಂದು ಚಾಕು ಮಾಡೂ ಕೆಲಸಕ್ಕೆ ಇದು ಎಂತಕ್ಕೆ?"

"ಎಲ್ಲಾ ತುಂಡಿಗೂ ನಾಲ್ಕೂ ಬದಿ ಅಂಚು ಬತ್ತು."

"ಅಂಚು ಬಂದ್ರೆ ಎಂತ ಆತು?"

"ಗರಿಗರಿ ಆಗ್ತು."

"ಅದ್ರಲ್ಲಿ ಬೇರೆ ಎಂತಾರೂ ಮಾಡ್ಲೆ ಬತ್ತಾ? ಇಲ್ಲೆ. ಒಂದೇ ಕೆಲಸದ ಪಾತ್ರೆ ಮನೆಗೆ ತರಡ ಹೇಳಿ ಅಮ್ಮ ಹೇಳ್ತಿತ್ತು." ಅವನು ಫೋನನ್ನು ಹಿಂದೆ ಕೊಟ್ಟ. ದನಿಯಲ್ಲಿ ಒರಟುತನವೇನೂ ಇರಲಿಲ್ಲ. "ಅಲ್ದೇ, ಎಷ್ಟು ದಿನ ಹೇಳಿ ಮಾಡ್ತೆ? ಸಾಕು. ಕೂತ್ಕ. ನಿಂಗೆ ಎಂತ ಕಮ್ಮಿ ಆಯ್ದು?"

ಚಾಕು ಹಿಡಿಯಲು ಆಗುತ್ತಿಲ್ಲ ಎಂಬ ಒಂದು ಮಾತು ಹೇಳಿದ್ದರೆ ಅವನ ಲೆಕ್ಕವೆಲ್ಲ ತಪ್ಪುತ್ತಿತ್ತು. ಟ್ರೇ ಬೇಕು ಅನ್ನಲು ಇದ್ದ ಕಾರಣ ಅದೊಂದೇ. ಆದರೆ ಅವಳನ್ನು ಕುರ್ಚಿಯಲ್ಲಿ ಕೂರಿಸಲೂ ಅವರಿಗೆ ಅದೊಂದೇ ಕಾರಣ ಸಾಕಿತ್ತು. ಸುಬ್ಬಲಕ್ಷ್ಮಿ ಫೋನು ತೆಗೆದುಕೊಂಡು ಒಳಗೆ ಹೋದಳು.

ಮರುದಿನ ಪೇಟೆಯ ಪಾತ್ರೆ ಅಂಗಡಿಗೆ ಹೋದಳು. ಅಂಗಡಿಯ ಹರಿಹರ ಪಡ್ಡಿನ ಕಾವಲಿ ತೋರಿಸಿದ, ಐಸಿನ ಟ್ರೇ ತೋರಿಸಿದ, ಕೊನೆಗೆ ಇಡ್ಲಿ ಸ್ಟ್ಯಾಂಡು ಇಳಿಸಿದ.

"ಇದ್ರಲ್ಲೇ ಮಾಡಿ ಅಮ್ಮ. ಗುಂಡಗೆ ಚಂದ ಬರ್ತದೆ."

"ನಂಗೆ ಚೌಕ ಬೇಕು."

"ಹಾಂಗಾರೆ ಭಟ್ಕಳದಲ್ಲೇ ಕೇಳ್ಬೇಕು. ಗಲ್ಫ್ ಸಾಮಾನೆಲ್ಲ ಅಲ್ಲಿಗೇ ಬರೂದು. ಅಲ್ಲಿ ಹೆಂಗಸ್ರು ಮನೆಮನೆಯಲ್ಲಿ ಕೇಕ್ ಮಾಡ್ತ್ರು."

ಮಂಗಳವಾರ ಬೆಳಿಗ್ಗೆ ಮಹಾಬಲ ಪೇಪರ್ ಓದುತ್ತಿದ್ದಾಗ "ಪೇಟೆಗೆ ಹೋಗಿ ಬತ್ತೆ" ಎಂದಳು. ಯಾವ ಪೇಟೆ ಎಂದು ಅವನು ಕೇಳಲಿಲ್ಲ.

ಭಟ್ಕಳದ ಬಸ್ಸು ಕುಮಟಾ ಬಿಡುತ್ತಿದ್ದಂತೆ ಕಂಡಕ್ಟರು ಬಂದ. ಅವಳು ಚಾಚಿದ ಆಧಾರ್ ಕಾರ್ಡು ಗಾಳಿಗೆ ಸಿಕ್ಕ ಎಲೆಯ ಹಾಗೆ ಆಡುತ್ತಿತ್ತು. ಓದಲಾಗದೆ ಅವನು ಅವಳ ಕೈಯನ್ನೇ ಹಿಡಿದು ನಿಲ್ಲಿಸಿ ಓದಿದ. ಟಿಕೆಟ್ಟು ಹರಿದು ಕೊಡುತ್ತ, "ಒಬ್ರೇ ಹೊರಟ್ರಾ ಅಮ್ಮ? ಜೊತೆಗೆ ಯಾರೂ ಇಲ್ವಾ?" ಎಂದ.

"ಬಸ್ಸು ಬಿಡೂದು ಡ್ರೈವರು. ನಾನು ಕೂತ್ಕೊಳ್ಳೂದಷ್ಟೇ. ಅದಕ್ಕೆ ಎಷ್ಟು ಜನ ಬೇಕು?"

ಹಿಂದಿನ ಸೀಟಿನಲ್ಲಿ ಯಾರೋ ನಕ್ಕರು. ಹೊನ್ನಾವರ ದಾಟಿ ಶರಾವತಿಯ ಸೇತುವೆಯ ಮೇಲೆ ಬಂದಾಗ ಅವಳು ಕಿಟಕಿಯ ಗಾಜು ಸರಿಸಿದಳು. ಕೆಳಗೆ ದೋಣಿಗಳು ಕಾಸರಕೋಡದ ಕಡೆಗೆ ಹೋಗುತ್ತಿದ್ದವು. ಬೆಳಿಗ್ಗೆಯಿಂದ ಯಾರೂ ತನ್ನ ಪಕ್ಕ ಬಂದು ನಿಂತಿಲ್ಲ ಎಂಬುದು ಆಗ ಅವಳ ಗಮನಕ್ಕೆ ಬಂತು.

ಭಟ್ಕಳದ ಅಂಗಡಿಯಲ್ಲಿ ನೆಲದಿಂದ ಮಾಡಿನವರೆಗೆ ಹಾಲಿನ ಪುಡಿಯ ಡಬ್ಬಿ, ಫ್ಲಾಸ್ಕು, ಕಂಬಳಿ. ಅಂಗಡಿಯವನು ಏಣಿ ಹತ್ತಿ ಎರಡು ಟ್ರೇ ಇಳಿಸಿದ. ಒಂದರಲ್ಲಿ ಹನ್ನೆರಡು ಮನೆ, ಎಲ್ಲ ಎರಕ ಹೊಯ್ದಂತೆ ಒಂದಕ್ಕೊಂದು ಕೂಡಿಕೊಂಡಿದ್ದವು. ಇನ್ನೊಂದು ಸಾದಾ ಟ್ರೇ, ಜೊತೆಗೆ ಬೇರೆಯಾಗಿ ಎತ್ತಿ ತೆಗೆಯುವ ತಗಡಿನ ಜಾಲರಿ, ಹದಿನೆಂಟು ಮನೆಯದು. ಪಕ್ಕದಲ್ಲಿ ಕಪ್ಪು ಬುರ್ಖಾದ ಮಧ್ಯವಯಸ್ಸಿನ ಹೆಂಗಸೊಬ್ಬಳು ಕೇಕಿನ ಅಚ್ಚು ಆರಿಸುತ್ತಿದ್ದಳು. ಅವಳು ಅಂಗಡಿಯವನೊಡನೆ ನವಾಯತಿಯಲ್ಲಿ ಏನೋ ಚೌಕಾಸಿ ಮಾಡಿ, ಆಮೇಲೆ ಸುಬ್ಬಲಕ್ಷ್ಮಿಯ ಕಡೆ ತಿರುಗಿ ಕನ್ನಡದಲ್ಲಿ ಹೇಳಿದಳು:

"ಬ್ರೌನಿಗಾ? ತಗೊಳ್ಬೇಡಿ ಅಮ್ಮ. ನನ್ ಹತ್ರ ಉಂಟು, ದುಬೈಯಿಂದ ಅಣ್ಣ ತಂದದ್ದು. ಎರಡು ಸಲ ಮಾಡಿ ಮೇಲೆ ಇಟ್ಟೆ. ಸುಮ್ನೆ ದುಡ್ಡು ದಂಡ. ಚೂರಿ ಉಂಟಲ್ಲ, ನೀಟಾಗಿ ಕೊಯ್ದ್ರೆ ಆಯ್ತು."

ಸುಬ್ಬಲಕ್ಷ್ಮಿ ಅವಳ ಮುಖ ನೋಡಿದಳು. ಹೆಸರು ಗೊತ್ತಿಲ್ಲ, ಊರಿನವಳಲ್ಲ, ನಾಳೆ ಸಿಗುವವಳೂ ಅಲ್ಲ. ಬಲಗೈಯನ್ನು ಗಾಜಿನ ಕಟ್ಟೆಯ ಮೇಲೆ ಚಾಚಿ ಹಿಡಿದಳು. ಬೆರಳುಗಳು ತಮ್ಮಷ್ಟಕ್ಕೆ ಆಡಿದವು.

"ಕೊಯ್ಯೂಕೆ ಆಗೂದಿಲ್ಲ ನಂಗೆ."

ಆ ಹೆಂಗಸು ಕೈಯನ್ನು ನೋಡಿದಳು. ಅಯ್ಯೋ ಅನ್ನಲಿಲ್ಲ, ಮನೆಯಲ್ಲಿ ಯಾರಿದ್ದಾರೆ ಎಂದೂ ಕೇಳಲಿಲ್ಲ. ಹನ್ನೆರಡು ಮನೆಯ ಟ್ರೇಯನ್ನು ಬದಿಗೆ ತಳ್ಳಿದಳು.

"ಹಾಗಿದ್ರೆ ತಗೊಳ್ಳಿ. ಆದ್ರೆ ಇದು ಬೇಡ. ಇದಕ್ಕೆ ಒಂದೊಂದೇ ಮನೆಗೆ ಹಿಟ್ಟು ಹುಯ್ಬೇಕು, ಗೋಡೆ ಮೇಲೆಲ್ಲ ಬೀಳ್ತದೆ. ಈ ಜಾಲರಿದು ತಗೊಳ್ಳಿ. ಹಿಟ್ಟು ಒಟ್ಟಿಗೆ ಸುರಿದು ಮೇಲಿಂದ ಇಳಿಸೂದು. ಜಾಲರಿಗೆ ಬೆಣ್ಣೆ ಜಾಸ್ತಿ ಹಚ್ಚಿ, ಹಾಂ? ಪೂರ್ತಿ ತಣ್ಣಗಾಗದೆ ಎತ್ಬೇಡಿ."

ಮನೆ ಮುಟ್ಟಿದಾಗ ಬಿಸಿಲು ಇಳಿದಿತ್ತು. ಮಹಾಬಲ ಗೇಟಿನ ಹೊರಗೇ ನಿಂತಿದ್ದ. ಅವನ ಹಿಂದೆ ಶ್ರೀಗೌರಿ, ಕೈಯಲ್ಲಿ ಅತ್ತೆ ಮನೆಯಲ್ಲೇ ಬಿಟ್ಟುಹೋಗಿದ್ದ ಫೋನು.

"ಎಲ್ಲಿಗೆ ಹೋಗಿದ್ದೆ?"

"ಭಟ್ಕಳಕ್ಕೆ."

ಅವನು ಅವಳ ಚೀಲದ ಕಡೆ ನೋಡಿದ. "ಹೇಳಿದ್ರೆ ನಾನೂ ಬತ್ತಿದ್ನಿಲ್ಯಾ?"

"ನಿಂಗ ಬಂದಿದ್ರೆ ಇದು ಬತ್ತಿತ್ತಿಲ್ಲೆ." ಚೀಲದಿಂದ ಟ್ರೇ ಹೊರತೆಗೆದು ಜಗುಲಿಯ ಮೇಲಿಟ್ಟಳು. ಜಾಲರಿ ಗಲಗಲ ಸದ್ದು ಮಾಡಿತು.

"ಅಷ್ಟು ದೂರ, ಒಬ್ಳೇ, ಈ ಕೈಯಲ್ಲಿ..."

"ಹೌದು, ಈ ಕೈಯಲ್ಲೇ." ಅವಳು ನಿಂತಲ್ಲೇ ಎರಡೂ ಕೈ ಎತ್ತಿ ತೋರಿಸಿದಳು. "ನಡುಗ್ತು. ಚಾಕು ಹಿಡಿಲೆ ಆಗ್ತಿಲ್ಲೆ. ಅದಕ್ಕೇ ಇದನ್ನ ತಂದಿದ್ದೆ, ಮಾಡ್ಲೆ. ಬಿಡ್ಲೆ ಅಲ್ಲ. ಇನ್ನು ನನ್ನ ಕೈಯಿಂದ ಎಂತಾರೂ ತಗಳೂ ಮೊದ್ಲು ನನ್ನ ಕೇಳವು. ಕೇಳಿದ್ರೂ ನಾ ಕೊಡ್ತ್ನಿಲ್ಲೆ."

ಆ ಮನೆಯಲ್ಲಿ ಅವಳ ದನಿ ಅಷ್ಟು ಗಟ್ಟಿಯಾಗಿ ಕೇಳಿ ಬಹಳ ವರ್ಷವಾಗಿತ್ತು. ಎದುರು ಮನೆಯ ಕಿಟಕಿಯಲ್ಲಿ ಯಾರೋ ಇಣುಕಿದರು. ಶ್ರೀಗೌರಿ ಗೇಟು ಮುಚ್ಚಿದಳು. ಮಹಾಬಲ ಬಗ್ಗಿ ಟ್ರೇಯ ತಳ ತಿರುವಿ ನೋಡಿ, ಬೆಲೆಯ ಚೀಟಿ ಕಿತ್ತು ಹಾಕಿರುವುದನ್ನು ಕಂಡು ಒಳಗೆ ಹೋದ.

ಬುಧವಾರ ಬೆಳಕು ಹರಿಯುವ ಮೊದಲೇ ಅವಳು ಸ್ನಾನ ಮುಗಿಸಿ ಅಡುಗೆಮನೆಗೆ ಬಂದಳು. ಹಿಟ್ಟು ಸುರಿಯುವಾಗ ಸ್ವಲ್ಪ ಕಟ್ಟೆಗೆ ಚೆಲ್ಲಿತು, ಸೀರೆಗೂ ಸಿಡಿಯಿತು. ಬಾಗಿಲಲ್ಲಿ ಶ್ರೀಗೌರಿ ಕಾಣಿಸಿಕೊಂಡಳು.

"ಅಲ್ಲೇ ನಿಲ್ಲು," ಎಂದಳು ಸುಬ್ಬಲಕ್ಷ್ಮಿ ತಲೆ ಎತ್ತದೆ.

ಶ್ರೀಗೌರಿ ಅಲ್ಲೇ ನಿಂತಳು. ಜಾಲರಿ ಟ್ರೇಯ ಒಂದು ಬದಿಗೆ ತಾಗಿತು, ಇನ್ನೊಂದು ಬದಿಗೆ ತಾಗಿತು. ಮೂರನೆಯ ಸಲ ಸರಿಯಾಗಿ ಇಳಿದು ತಳಕ್ಕೆ ಕೂತಿತು. ಒಮ್ಮೆ ಇಳಿದ ಮೇಲೆ ಕೈ ಎಷ್ಟು ನಡುಗಿದರೂ ಗೆರೆ ನಡುಗಲಿಲ್ಲ.

ತಣ್ಣಗಾದ ಮೇಲೆ ಎತ್ತಿದಾಗ ನಡುವಿನ ಎರಡು ತುಂಡು ತಗಡಿಗೆ ಅಂಟಿ ಹರಿದವು. ಉಳಿದವು ಅಚ್ಚಿನ ಬೆಲ್ಲದಂತೆ ಒಂದೇ ಸಮ ನಿಂತವು. ಹರಿದ ಎರಡನ್ನು ತಟ್ಟೆಗೆ ಹಾಕಿ ಗಂಡನ ಮುಂದಿಟ್ಟಳು. ಅವನು ಒಂದನ್ನು ಪೂರ್ತಿ ತಿಂದ.

"ಸಕ್ಕರೆ ಹೆಚ್ಚಾಯ್ದು."

"ಅಷ್ಟು ಬೇಕು ಅದಕ್ಕೆ," ಎಂದು ಸುಬ್ಬಲಕ್ಷ್ಮಿ ಡಬ್ಬಿಯ ಮುಚ್ಚಳ ಒತ್ತಿದಳು. ಸ್ಕೂಟಿಯಲ್ಲಿ ಬಿಡುತ್ತೇನೆಂದ ಸೊಸೆಗೆ ಬೇಡ ಎಂದು ಹೇಳಿ ಆಟೋ ಹತ್ತಿದಳು.

ಕವಿತಾ ಡಬ್ಬಿ ತೆರೆದು ಒಂದು ತುಂಡನ್ನು ಎತ್ತಿ ನಾಲ್ಕೂ ಬದಿ ತಿರುಗಿಸಿ ನೋಡಿದಳು. "ಇದೆಂತ ಅಮ್ಮ, ಮಿಷನ್ನಲ್ಲಿ ಮಾಡಿದ ಹಾಂಗೆ ಉಂಟು!" ಟ್ರೇಯ ವಿಷಯ ಕೇಳಿ, "ನಾನೂ ಒಂದು ತಗಳ್ಲಾ? ತಗಳ್ಳೂಕೆ ಅಡ್ಡಿಲ್ವಾ?" ಎಂದಳು.

"ಕೈ ಗಟ್ಟಿ ಇದ್ದವ್ರಿಗೆ ದಂಡ."

ಕವಿತಾ ನಕ್ಕು ಚಹಾ ತಂದಿಟ್ಟಳು. ಸುಬ್ಬಲಕ್ಷ್ಮಿ ರಸ್ತೆಗೆ ಎದುರಾದ ಬೆಂಚಿನ ಮೇಲೆ, ಎಲ್ಲರೂ ಕಾಣುವ ಜಾಗದಲ್ಲಿ ಕೂತು ಗ್ಲಾಸು ಎತ್ತಿದಳು. ಬಾಯಿಗೆ ಮುಟ್ಟುವ ಮೊದಲೇ ಒಂದಿಷ್ಟು ಮೇಜಿನ ಮೇಲೆ ಚೆಲ್ಲಿತು. ಪಕ್ಕದ ಮೇಜಿನ ಹುಡುಗಿಯರು ತಿರುಗಿ ನೋಡಿದರು. ಕವಿತಾ ಬಟ್ಟೆ ಹಿಡಿದು ಓಡಿ ಬಂದಳು.

"ಈಗ ಒರೆಸ್ಬೇಡ. ಇನ್ನೂ ಚೆಲ್ತದೆ. ಕುಡಿದಾದ ಮೇಲೆ ಒರೆಸು."

ಕವಿತಾ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು ಒಲೆಯ ಕಡೆ ಹೋದಳು. ಎದುರಿನ ಸ್ಟ್ಯಾಂಡಿಗೆ ಕಾರವಾರದ ಬಸ್ಸು ಬಂದು ನಿಂತಿತು. ಜನ ಇಳಿದರು, ಜನ ಹತ್ತಿದರು. ಸುಬ್ಬಲಕ್ಷ್ಮಿ ಅದನ್ನು ನೋಡುತ್ತ, ಅವಸರವಿಲ್ಲದೆ, ಉಳಿದ ಚಹಾ ಕುಡಿದಳು.