ಪ್ರಸಾದಕ್ಕೆ ಹೆಸರಿಡಬಾರದು

ವಾಡಿ ಜಂಕ್ಷನ್ನಿನಲ್ಲಿ ಗಾಡಿ ತಪ್ಪಿದರೆ ಯಾರೂ ಅಳುತ್ತಿರಲಿಲ್ಲ. ಶರಣಬಸಮ್ಮನ ಖಾನಾವಳಿಗೆ ಹೋಗಿ, ಬಿಸಿ ಜೋಳದ ರೊಟ್ಟಿ ಪುಂಡಿಪಲ್ಯ ಉಂಡು, ಮುಂದಿನ ಗಾಡಿ ಹಿಡಿಯುತ್ತಿದ್ದರು. ನಿಜಾಮರ ಆಳ್ವಿಕೆ ಮುಗಿದು ಐದಾರು ವರ್ಷವಾಗುವಷ್ಟರಲ್ಲಿ ಅದೇ ಖಾನಾವಳಿಯಲ್ಲಿ ನೊಣ ಹೊಡೆಯುವ ಕಾಲ ಬಂತು. ತಪ್ಪೆಲ್ಲ ಸ್ಟೇಷನ್ ಎದುರಿನ ಹೊಸ ಇಡ್ಲಿ ಹೋಟೆಲಿನದೆಂದು ಅವಳು ದಿನಾ ಬೈಯುತ್ತಿದ್ದಳು. ಕುಣಿಯಲಾರದವಳಿಗೆ ನೆಲ ಡೊಂಕು ಅನ್ನಬಹುದು. ಆದರೆ ಪಾಪ, ಅವಳ ಸಂಕಟ ಬೇರೆಯೇ ಇತ್ತು.

ಲಿಂಗಕ್ಕೆ ಅರ್ಪಿಸದೆ ಅಡುಗೆಯ ರುಚಿ ನೋಡುವುದು ಆ ಮನೆಯಲ್ಲಿ ಇಲ್ಲ. ಉಪ್ಪಿಗೆ ಕೈ, ಒಗ್ಗರಣೆಗೆ ಮೂಗು, ಇಷ್ಟೇ ಅವಳ ಅಳತೆ. ಹೊಗೆ ತುಂಬಿದ ಕೋಣೆಯಲ್ಲಿ ಕುಸುಬಿ ಎಣ್ಣೆಯೊಳಗಿನ ಬೆಳ್ಳುಳ್ಳಿ ಕಣ್ಣಿಗೆ ಕಾಣದಿದ್ದರೂ ಇಳಿಸುವ ಹೊತ್ತನ್ನು ಮೂಗು ಹೇಳುತ್ತಿತ್ತು. ಮೂರು ವರ್ಷದ ಹಿಂದೆ ಬಂದ ದೊಡ್ಡ ಜ್ವರ ಆ ಮೂಗನ್ನೂ ನಾಲಗೆಯನ್ನೂ ಕೊಂದು ಹೋಯಿತು. ಅವಳು ಯಾರಿಗೂ ಹೇಳಲಿಲ್ಲ. ವಾಸನೆ ಹತ್ತದವಳ ಅಡುಗೆಗೆ ಯಾರು ಬಂದಾರು? ಕೈಗೆ ರೂಢಿಯಿದೆ, ನಡೆಯುತ್ತದೆ ಎಂದುಕೊಂಡಳು.

ಖಾನಾವಳಿ ಮುಚ್ಚುವ ದಿನ ಶಹಾಬಾದಿನ ಕಲ್ಲಿನ ವ್ಯಾಪಾರಿ ಗುರುಲಿಂಗಪ್ಪ ಬಂದ. ಅವಳ ಗಂಡ ಮಡಿವಾಳಯ್ಯ ಇದ್ದಾಗಿನಿಂದ ಅಲ್ಲಿ ಉಂಡವನು. ಅವನ ಮುಂದೆ ಅವಳಿಗೆ ಕಣ್ಣೀರು ತಡೆಯಲಾಗಲಿಲ್ಲ.

“ಖರೇ ಹೇಳ್ರಿ ಯಣ್ಣಾ, ಮಂದಿ ಯಾಕ ಬರೂದು ಬಿಟ್ರು?”

ಅವನು ತಲೆ ತಗ್ಗಿಸಿದ. “ಪಲ್ಯಾ ಸೀದ ವಾಸನಿ ಹೊಡೀತದವ್ವಾ. ಭಾಳ ದಿನ ಆತು.”

“ಒಬ್ಬರರ ಹೇಳಬಾರದಿತ್ತೇನ್ರಿ?”

“ಪ್ರಸಾದಕ್ಕ ಹೆಸರಿಡಬಾರದಲ್ಲವ್ವಾ, ಹಿಂಗದ ಹಂಗದ ಅಂತ ಕೊಂಕು ತಗೀಬಾರದು. ಸುಮ್ಮನ ಉಂಡು ಎದ್ದು ಹೋದೀವಿ.”

ಆ ಭಕ್ತಿಗೆ ಬೆಂಕಿ ಬೀಳಲಿ! ಪ್ರಸಾದ ಚೆಲ್ಲಬಾರದೆಂದು ತಟ್ಟೆ ತೊಳೆದು ಕುಡಿದರೇ ಹೊರತು, ಇಷ್ಟು ವರ್ಷ ಒಬ್ಬನೂ ಬಾಯಿ ಬಿಡಲಿಲ್ಲ.

ಶರಣಬಸಮ್ಮ ಗೋಡೆಗೆ ಒರಗಿ ಕುಳಿತಳು. ಖಾನಾವಳಿ ಹೋದರೆ ಹೋಗಲಿ, ತನ್ನ ಅತ್ತೆಯಿಂದ ಬಂದ ಪಲ್ಯ ಉಳಿದರೆ ಸಾಕು ಅನ್ನಿಸಿತು. ಸೊಸೆ ಚಂದಮ್ಮ ಪಕ್ಕದಲ್ಲೇ ನಿಂತು ಎಲ್ಲ ಕಲಿತಿದ್ದಾಳೆ, ಅವಳ ಮೂಗು ನೆಟ್ಟಗಿದೆ. ಅವಳಿಂದಲೇ ಪಲ್ಯ ಮಾಡಿಸಿ ಗುರುಲಿಂಗಪ್ಪನಿಗೆ ಬಡಿಸಿದಳು. ಅವನು ತುತ್ತು ಬಿಡದೆ ಉಂಡ. ಹೆಂಗದ ಅಂದರೆ ತಟ್ಟೆಗೆ ನೀರು ಹಾಕಿ ತೊಳೆದು ಕುಡಿದ.

“ಸೀದ ವಾಸನಿ ಬಂದ ಮ್ಯಾಲೇ ಇಳಿಸೀನ್ರಿ ಅತ್ತಿ, ಥೇಟ್ ನೀವು ಮಾಡೂ ಹಂಗ,” ಎಂದಳು ಚಂದಮ್ಮ ಹೆಮ್ಮೆಯಿಂದ.

ಶರಣಬಸಮ್ಮನಿಗೆ ಆಗ ಹೊಳೆಯಿತು. ಸೊಸೆ ಈ ಮನೆಗೆ ಬಂದದ್ದು ಜ್ವರದ ನಂತರ. ಈ ಒಲೆಯ ಮುಂದೆ ಅವಳು ಬೇರೆ ವಾಸನೆಯನ್ನೇ ಕಂಡಿಲ್ಲ.

“ಹಂಗಲ್ಲವ್ವಾ, ಅದಕ್ಕಿಂತ ಮೊದಲ ಇಳಿಸಬೇಕು. ಘಮ ಬಂದ ಕೂಡಲೇ.”

“ಎಂಥಾ ಘಮಾರಿ?”

ಶರಣಬಸಮ್ಮ ಕಣ್ಣು ಮುಚ್ಚಿ ಹುಡುಕಿದಳು. ಅತ್ತೆಯ ಮುಖ ಬಂತು, ಅವರ ಕೈಬಳೆಯ ಸಪ್ಪಳವೂ ಬಂತು. ಘಮ ಮಾತ್ರ ಬರಲಿಲ್ಲ.

“ಮರ್ತೀನವಾ,” ಎಂದು ಸೊಸೆಯ ಹೆಗಲ ಮೇಲೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು.